ಮಣ್ಣು ಸೇರದ ಕೆಂಪು ಬೋಗಿ

ಟಿಕ್... ಟಿಕ್... ಟಿಕ್...

ಶೈಲಾ ಕಣ್ಣು ತೆರೆದಳು. ಗೋಡೆ ಗಡಿಯಾರದ ಸದ್ದಲ್ಲ ಅದು. ಗಡಿಯಾರಕ್ಕೆ ಒಂದು ಲಯವಿರುತ್ತದೆ. ಈ ಸದ್ದು ಸ್ವಲ್ಪ ದೂರ ಓಡಿ ನಿಲ್ಲುತ್ತಿತ್ತು, ಮತ್ತೆ ಹಿಂದಕ್ಕೆ ಓಡಿ ನಿಲ್ಲುತ್ತಿತ್ತು. ನಡುಮನೆಯ ಮೊಸಾಯಿಕ್ ನೆಲದ ಮೇಲೆ ತಗಡಿನ ಪುಟ್ಟ ಚಕ್ರಗಳು ಉರುಳುವ ಸದ್ದು. ಪಕ್ಕದಲ್ಲಿ ಗಂಡ ಮೋಹನ್ ಕುಮಾರ್ ಗೋಡೆಗೆ ಮುಖ ಮಾಡಿ ಮಲಗಿದ್ದ. ನಿದ್ದೆಯಲ್ಲಿರುವಾಗ ಅವನ ಉಸಿರು ಹೇಗಿರುತ್ತದೆ ಎಂಬುದು ಇಪ್ಪತ್ತೈದು ವರ್ಷ ಅವನ ಪಕ್ಕದಲ್ಲಿ ಮಲಗಿದವಳಿಗೆ ಗೊತ್ತಿತ್ತು. ಈಗಿನದು ನಿದ್ದೆಯ ಉಸಿರಲ್ಲ. ಅವನೂ ಆ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದ. ಆದರೂ ಏಳಲಿಲ್ಲ.

ಅವಳೇ ಎದ್ದು ಹೋದಳು. ನಡುಮನೆಯಲ್ಲಿ ಮಾವ ಶಿವಬಸಪ್ಪನವರು ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದರು. ಎಂಬತ್ತನಾಲ್ಕರ ದೇಹ, ಹೆಗಲ ಮೇಲೊಂದು ಟವೆಲು, ಪಕ್ಕದಲ್ಲಿ ಉರಿಯುತ್ತಿದ್ದ ಟಾರ್ಚು. ಎದುರಿಗೆ ಅಂದು ಮಧ್ಯಾಹ್ನ ಶೈಲಾ ತಂದುಕೊಟ್ಟಿದ್ದ ಆಟದ ರೈಲಿನ ಕೆಂಪು ಬೋಗಿ. ಅವರು ಅದನ್ನು ಒಮ್ಮೆ ಮುಂದಕ್ಕೆ ದೂಡುತ್ತಿದ್ದರು, ಒಮ್ಮೆ ಹಿಂದಕ್ಕೆ ಎಳೆಯುತ್ತಿದ್ದರು.

"ಮಾವ, ಇದೇನಿದು? ಇನ್ನೂ ಮಲಗಿಲ್ವಾ? ಕಣ್ಣಿನ ಆಪರೇಷನ್ ಆಗಿ ತಿಂಗಳಾಗಿಲ್ಲ..."

ಅವರು ತಲೆ ಎತ್ತಲಿಲ್ಲ. ಬೋಗಿಯನ್ನು ಮಗುಚಿ, ಅದರ ಹೊಟ್ಟೆಗೆ ಟಾರ್ಚು ಹಿಡಿದು, "ಇಲ್ಲಿ ನೋಡಮ್ಮ. ಏನಿದೆ ಓದು" ಎಂದರು.

ಮುಂದಿನ ಬೋಗಿಗೆ ಸಿಕ್ಕಿಸುವ ಕೊಕ್ಕೆಯ ಬುಡದಲ್ಲಿ, ಉಳಿದ ತಗಡಿಗಿಂತ ಬೇರೆಯದೇ ಬಣ್ಣದ ಒಂದು ಹಿತ್ತಾಳೆ ಪಟ್ಟಿ ಇತ್ತು. ಅದರ ಮೇಲೆ ಇರುವೆಯಷ್ಟು ಸಣ್ಣ ಅಂಕಿಗಳು. "ನಾಲ್ಕು... ಒಂದು... ಏಳು."

"ನನ್ನ ಟೋಕನ್ ನಂಬರು. ಕಾರ್ಖಾನೇಲಿ ನಮ್ಮ ನಮ್ಮ ಹತ್ಯಾರಕ್ಕೆಲ್ಲ ನಂಬರ್ ಪಂಚ್ ಮಾಡ್ಕೊಳ್ಳೋದು ನಮ್ಮ ಪದ್ಧತಿ. ಇಲ್ದಿದ್ರೆ ಪಕ್ಕದವನು ಎತ್ಕೊಂಡು ಹೋಗ್ತಾನೆ. ಈ ಕೊಕ್ಕೆ ಮುರಿದಿತ್ತು. ನಾನೇ ಮಾಡಿ ಬೆಸುಗೆ ಹಾಕಿದ್ದು, ವಿರೂಪಾಕ್ಷನಿಗೆ." ಮುದುಕರ ಧ್ವನಿ ಅಲ್ಲಿಗೆ ನಿಂತಿತು. ಮತ್ತೆ ಬಂದಾಗ ಅದು ಬೇರೆ ಯಾರದೋ ಧ್ವನಿಯಂತಿತ್ತು. "ಶೈಲಾ... ಇದನ್ನ ನಾನು ನನ್ನ ಕೈಯಾರೆ ಬಟ್ಟೇಲಿ ಕಟ್ಟಿ, ಅವನ ಮಡಿಲಲ್ಲಿಡಿಸಿ ಮಣ್ಣು ಮಾಡಿದ್ದೆ ಕಣಮ್ಮ. ಐವತ್ತು ವರ್ಷದ ಹಿಂದೆ!"

ಶೈಲಾ ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು.

ಎಲ್ಲಕ್ಕೂ ಕಾರಣ ತಾನೇ ಅಲ್ಲವೇ ಎಂದು ಮುಂದೆ ಅವಳು ಎಷ್ಟೋ ಸಲ ಅಂದುಕೊಂಡಳು. ಅವಳು ವಿಜಯನಗರದ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಹಳೆಯ ಪುಸ್ತಕ ಹುಡುಕಿಕೊಂಡು ಆಗಾಗ ಸಂಡೇ ಬಜಾರಿಗೆ ಹೋಗುವುದು ಅವಳ ಅಭ್ಯಾಸ. ಅಂದು ಪುಸ್ತಕವೇನೂ ಸಿಗಲಿಲ್ಲ. ತುಕ್ಕು ಹಿಡಿದ ಬೀಗ, ಒಡೆದ ರೇಡಿಯೊಗಳ ನಡುವೆ ಒಂದು ರಟ್ಟಿನ ಡಬ್ಬಿಯಲ್ಲಿ ಮೂರು ಬೋಗಿಗಳು ಕಂಡವು. ಹಸಿರು, ಕಂದು, ಕೆಂಪು. ಕಣ್ಣಿನ ಆಪರೇಷನ್ ಆದಾಗಿನಿಂದ ಕೈಗೆ ಕೆಲಸವಿಲ್ಲದೆ, ಮನೆಯವರ ಮೇಲೆಲ್ಲ ಸಿಡುಕುತ್ತ ಕೂತಿದ್ದ ಮಾವ ನೆನಪಾದರು. ಟೂಲ್ ರೂಮಿನಲ್ಲಿ ಮೂವತ್ತೈದು ವರ್ಷ ತಗಡು, ಹಿತ್ತಾಳೆಗಳ ಜೊತೆ ಬದುಕಿದ ಮನುಷ್ಯ. ಇದು ಯಾವ ದೇಶದ್ದು, ಯಾವ ಕಾಲದ್ದು ಎಂದು ಪತ್ತೆ ಮಾಡಲು ಕೊಟ್ಟರೆ ನಾಲ್ಕು ದಿನ ಖುಷಿಯಾಗಿರುತ್ತಾರೆ ಎನ್ನಿಸಿತು.

"ಎತ್ಕೊಳ್ಳಿ ಆಂಟಿ, ಓಲ್ಡ್ ಪೀಸು. ಚಕ್ರ ನೋಡಿ ಹೆಂಗ್ ತಿರುಗ್ತದೆ!" ಎಂದ ಮಾರುವವನು.

"ಎಂಜಿನ್ನೇ ಇಲ್ವಲ್ಲಪ್ಪ?"

"ಎಂಜಿನ್ ಇದ್ದಿದ್ರೆ ನಾನೇ ಅದ್ರಲ್ಲಿ ಕೂತ್ಕೊಂಡು ಊರಿಗೆ ಹೋಗ್ಬಿಡ್ತಿದ್ದೆ ಆಂಟಿ! ರಾಜಾಜಿನಗರ ಕಡೆ ಗುಜರಿ ಮಾಲು ಇದು, ಹೋದ ತಿಂಗಳು ಬಂತು. ದೊಡ್ಡೋರ ಮನೇದು, ಸುಳ್ಳಲ್ಲ."

ತಮ್ಮ ಮನೆಯೂ ಅಲ್ಲೇ, ನಮ್ಮ ಕಡೆಯದೇ ಎಂದು ನಗುತ್ತ ಅವಳು ಡಬ್ಬಿಯನ್ನು ಎತ್ತಿಕೊಂಡು ಬಂದಳು.

ಆ ಸಂಜೆ ಮನೆಯಲ್ಲಿ ಎಷ್ಟು ದಿನಗಳ ಮೇಲೆ ನಗು ಕೇಳಿಸಿತ್ತು! ಶಿವಬಸಪ್ಪನವರು ಹಳೆಯ ವರ್ನಿಯರ್ ತೆಗೆಸಿ, ಕಂದು ಬೋಗಿಯ ಎರಡು ಚಕ್ರಗಳ ನಡುವಿನ ಅಂತರ ಅಳೆದರು. ಪೊರೆ ತೆಗೆಸಿದ ಕಣ್ಣು ಇನ್ನೂ ಮಸುಕು. ಕಾಣದ್ದನ್ನು ಅವರು ಹೆಬ್ಬೆರಳಿನಿಂದ ಓದುತ್ತಿದ್ದರು. "ಬೆಸುಗೆ ಅಲ್ಲ ಇದು. ತಗಡಿನ ಅಂಚಿಗೆ ನಾಲಿಗೆ ಬಿಟ್ಟು, ಸಂದಿಗೆ ತೂರಿಸಿ ಮಡಚಿದಾರೆ. ಬಣ್ಣ ಬ್ರಷ್ಷಿಂದಲ್ಲ, ತಗಡಿನ ಮೇಲೇ ಅಚ್ಚು ಹಾಕಿರೋದು. ನಮ್ಮ ದೇಶದ್ದಲ್ಲ."

ಮೊಮ್ಮಗಳು ಇಂಚರಾ ಫೋನಿನಲ್ಲಿ ಎಲ್ಲ ಕೋನಗಳಿಂದ ಫೋಟೊ ತೆಗೆದಳು. "ತಾತ, ಹಳೇ ಆಟಿಕೆ ಕಲೆಕ್ಟ್ ಮಾಡೋರ ಗ್ರೂಪಿಗೆ ಹಾಕ್ತೀನಿ ಇರಿ, ಎರಡೇ ನಿಮಿಷದಲ್ಲಿ ಹೇಳ್ತಾರೆ."

"ನಿನ್ನ ಗ್ರೂಪಿಗೆ ವರ್ನಿಯರ್ ಹಿಡಿಯೋಕೆ ಬರುತ್ತಾ?"

"ಬರಲ್ಲ. ಆದ್ರೆ ನಿಮ್ಮ ಹಾಗೆ ಬೈಯೋದೂ ಇಲ್ಲ!"

ಗ್ರೂಪಿನಿಂದ ಉತ್ತರ ಬರುವ ಮೊದಲೇ ಮುದುಕರು ಹೇಳಿಬಿಟ್ಟರು. ಜರ್ಮನಿಯದು, ಎರಡನೇ ಮಹಾಯುದ್ಧಕ್ಕೂ ಮುಂಚಿನದು. "ಇಂಥದ್ದೇ ನಮ್ಮ ಮನೇಲೂ ಇತ್ತು. ನಮ್ಮ ಕಾರ್ಖಾನೆಗೆ ಮಷೀನು ಕೂರಿಸೋಕೆ ಬಂದಿದ್ದ ಜರ್ಮನ್ ಇಂಜಿನಿಯರು, ವಾಪಸ್ ಹೋಗುವಾಗ ನಮ್ಮ ಹುಡುಗರಿಗೆ ಕೊಟ್ಟಿದ್ದ..." ಕೈ ಕೆಂಪು ಬೋಗಿಯ ಕಡೆಗೆ ಹೋಯಿತು. ಅರ್ಧದಲ್ಲೇ ನಿಂತಿತು. "ಇದನ್ನ ನಾಳೆ ನೋಡೋಣ."

ಶೈಲಾ ಚಿಕ್ಕಂದಿನಿಂದಲೂ ಅಷ್ಟೆ, ಮಾತಿಗಿಂತ ಮುಖಗಳನ್ನು ಹೆಚ್ಚು ಗಮನಿಸುವವಳು. ಆಗ ಅಡುಗೆಮನೆಯ ಬಾಗಿಲಲ್ಲಿ ಚಹಾದ ಲೋಟಗಳನ್ನು ಹಿಡಿದು ನಿಂತಿದ್ದ ಅತ್ತೆ ಹೊನ್ನಮ್ಮ, ಕೆಂಪು ಬೋಗಿಯನ್ನು ನೋಡಿ, ಹಾಗೆಯೇ ಹಿಂದಿರುಗಿ ಹೋದುದನ್ನು ಅವಳು ಕಂಡಳು. ಮಾರುಕಟ್ಟೆಯಿಂದ ತರಕಾರಿ ತಂದ ಮೋಹನ್ ಹೊಸ್ತಿಲಲ್ಲೇ ನಿಂತುಬಿಟ್ಟುದನ್ನೂ ಕಂಡಳು. "ಎಲ್ಲಿಂದ ತಂದೆ ಇದನ್ನ?" ಎಂದು ಅವನು ಕೇಳಿದ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳು ಅಷ್ಟು ಹೆದರುತ್ತಿರಲಿಲ್ಲ.

ಗೋಡೆಯ ಮೇಲಿನ ಫೋಟೊದಲ್ಲಿ ವಿರೂಪಾಕ್ಷ ಯಾವಾಗಲೂ ಒಂಬತ್ತು ವರ್ಷದವನು. ಮೋಹನನ ಅಣ್ಣ. ಮದುವೆಯಾಗಿ ಬಂದ ಮೊದಲ ವಾರವೇ ಶೈಲಾಳಿಗೆ ಆ ಕಥೆ ಗೊತ್ತಾಗಿತ್ತು. ಅಂಗಳದ ನೀರಿನ ಸಂಪಿನ ಮುಚ್ಚಳವನ್ನು ಹೊನ್ನಮ್ಮ ಮುಚ್ಚದೆ ರೇಷನ್ ಅಂಗಡಿಗೆ ಹೋಗಿದ್ದರು, ಮಗು ಬಿದ್ದು ಸತ್ತಿತು. ಗೊತ್ತಾಗದೆ ಇರುವುದಾದರೂ ಹೇಗೆ? ಅಂದಿನಿಂದ ಇಂದಿನವರೆಗೆ, ಪ್ರತಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಶಿವಬಸಪ್ಪನವರು ಹೆಂಡತಿಯನ್ನು ಕೇಳುತ್ತಾರೆ. "ಮುಚ್ಚಳ ಮುಚ್ಚಿದ್ಯಾ?" ನೆಂಟರು ಬಂದಿರಲಿ, ಹಬ್ಬವಿರಲಿ, ಎಲ್ಲರೆದುರಿಗೂ ಅದೇ ಪ್ರಶ್ನೆ. "ಮುಚ್ಚಿದೀನಿ" ಎಂದು ಹೊನ್ನಮ್ಮ ತಲೆ ತಗ್ಗಿಸಿ ಹೇಳುತ್ತಾರೆ. ಒಮ್ಮೆಯೂ ಎದುರಾಡಿದ್ದಿಲ್ಲ. ಹೆತ್ತ ತಾಯಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇದೆಯೇ ಎಂದು ಶೈಲಾ ಅಂದುಕೊಳ್ಳುತ್ತಿದ್ದಳು.

ಈಗ ಈ ಅಪರಾತ್ರಿಯಲ್ಲಿ ಆ ಮುದುಕರ ಕೈಯಲ್ಲಿ, ಗೋರಿಯಲ್ಲಿರಬೇಕಾದ ಬೋಗಿ!

"ಒಂದು ಚೂರು ತುಕ್ಕಿಲ್ಲ ನೋಡು," ಎಂದರು ಶಿವಬಸಪ್ಪನವರು. "ತಗಡು ಐವತ್ತು ವರ್ಷ ಮಣ್ಣಲ್ಲಿದ್ರೆ ಏನುಳಿಯುತ್ತೆ? ಒಂದು ಹಿಡಿ ಕೆಂಪು ಪುಡಿ. ಇದು ಮಣ್ಣನ್ನೇ ಕಂಡಿಲ್ಲ. ಮಣ್ಣು ಬೀಳೋಕೆ ಮುಂಚೆನೇ ಯಾರೋ ತೆಗೆದಿದಾರೆ. ಗುಂಡಿಗೆ ಇಳಿದು ನನ್ನ ಕೂಸನ್ನ ಕೂರಿಸಿದವನು ನಿಮ್ಮತ್ತೆ ತಮ್ಮ, ಬಸವಲಿಂಗ. ಹೆಣದ ಕೈಯಿಂದ ಕದ್ದ!... ನಾಳೆ ಅವನನ್ನ ಕೇಳ್ತೀನಿ. ಒಪ್ಪಲಿಲ್ಲ ಅಂದ್ರೆ ಗೋರಿ ಅಗೆಸಿ ನೋಡ್ತೀನಿ. ಬಿಡಲ್ಲ."

"ಉಳಿದ ಎರಡು ಬೋಗಿಗಳು ಮಾವ?"

"ಅವನ್ನ ಕಣ್ಣಿಂದ ದೂರ ಮಾಡು ಅಂತ ನಿಮ್ಮತ್ತೆಗೆ ಅವತ್ತೇ ಹೇಳಿದ್ದೆ. ತಮ್ಮನಿಗೇ ಕೊಟ್ಟಿರ್ತಾಳೆ. ಎರಡು ಇವಳಿಂದ ಈಸ್ಕೊಂಡ, ಒಂದನ್ನ ಹೆಣದಿಂದ ಕಿತ್ಕೊಂಡ. ಈಗ ಅವನ ಮಕ್ಕಳು ಕೆಂಗೇರಿ ಮನೆಯಿಂದ ಮಾರಿದಾರೆ."

ಕೆಂಗೇರಿ! ರಾಜಾಜಿನಗರ ಕಡೆ ಗುಜರಿ ಮಾಲು ಎಂದಿದ್ದನಲ್ಲ ಮಾರುವವನು? ಆ ಮಾತು ಶೈಲಾಳ ನಾಲಿಗೆಯ ತುದಿಯವರೆಗೆ ಬಂದಿತು. ಯಾಕೋ ಅವಳು ಅದನ್ನು ನುಂಗಿಕೊಂಡಳು.

ಮರುದಿನ ಸೋಮವಾರ. ಬಸವಲಿಂಗ ಮಾವ ಫೋನ್ ಎತ್ತಲಿಲ್ಲ. ಶಿವಬಸಪ್ಪನವರು ಇಡೀ ದಿನ ಕೆಂಪು ಬೋಗಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಕಾಲೇಜಿನಲ್ಲಿ ಶೈಲಾಳಿಗೆ ಕೆಲಸ ಹತ್ತಲಿಲ್ಲ. ಹೋದ ತಿಂಗಳು ಮನೆಗೆ ಸುಣ್ಣಬಣ್ಣ ಮಾಡಿಸುವ ಮುನ್ನ ಅಟ್ಟ ಖಾಲಿ ಮಾಡಿದ್ದು ಪದೇ ಪದೇ ಕಣ್ಣ ಮುಂದೆ ಬಂತು. ಅಟ್ಟ ಹತ್ತಿದವನು ಮೋಹನ್. ಹಳೇ ಪಾತ್ರೆ, ಪೇಪರು ಎಲ್ಲವನ್ನೂ ಕೆಳಗೆ ಇಳಿಸಿ ಅವಳ ಕೈಗೆ ಕೊಟ್ಟವನು, ಒಂದು ಸಣ್ಣ ಕಬ್ಬಿಣದ ಟ್ರಂಕನ್ನು ಮಾತ್ರ ತಾನೇ ಎತ್ತಿಕೊಂಡು ಹೋಗಿ ಗುಜರಿಯವನ ಗಾಡಿಗೆ ಹಾಕಿದ್ದ. ಅದರಲ್ಲೇನಿದೆ ಎಂದು ಕೇಳಿದ್ದಕ್ಕೆ, "ಏನೂ ಇಲ್ಲ, ಇಲಿ ಹಿಕ್ಕೆ" ಎಂದಿದ್ದ. ಆ ರಾತ್ರಿ ಅವನಿಗೆ ಚಳಿ ಜ್ವರ ಬಂದಿತ್ತು.

ಮೂರೂ ಬೋಗಿಗಳು ಒಂದೇ ಡಬ್ಬಿಯಲ್ಲಿದ್ದವು. ಅವು ಹೋದದ್ದು ಈ ಮನೆಯ ಅಟ್ಟದಿಂದ. ಹಾಗಾದರೆ ಕೆಂಪು ಬೋಗಿಯೂ ಐವತ್ತು ವರ್ಷ ಇದೇ ಮನೆಯಲ್ಲಿತ್ತು.

ಸಂಜೆ ಅವಳು ಗಂಡನನ್ನು ಹುಡುಕಿಕೊಂಡು ತಾರಸಿಗೆ ಹೋದಳು. ಅವನು ಒಣಗಿದ ಬಟ್ಟೆಗಳ ನಡುವೆ ಸುಮ್ಮನೆ ನಿಂತಿದ್ದ.

"ಬಟ್ಟೆ ತಗೊಳ್ಳೋಕೆ ಬಂದ್ಯಾ?"

"ಇಲ್ಲ. ಅಟ್ಟದ ಮೇಲಿನ ಟ್ರಂಕಲ್ಲಿ ಏನಿತ್ತು ಅಂತ ಕೇಳೋಕೆ ಬಂದೆ."

ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದರು.

"ಅದು ಅಲ್ಲಿದೆ ಅಂತ ನನಗೂ ಗೊತ್ತಿರಲಿಲ್ಲ ಶೈಲಾ. ಎಲ್ಲೋ ಕಳೆದು ಹೋಯ್ತು ಅಂದ್ಕೊಂಡಿದ್ದೆ. ಟ್ರಂಕ್ ತೆಗೆದು ನೋಡ್ದಾಗ... ಮೂರೂ ಅಲ್ಲೇ ಇದ್ವು. ಹೊರಗೆ ಹಾಕ್ಬಿಟ್ರೆ ಮುಗೀತು ಅಂದ್ಕೊಂಡೆ. ನೀನು ಹೋಗಿ ಎತ್ಕೊಂಡು ಬಂದೆ." ಅವನು ನಗಲು ನೋಡಿದ. ಆ ನಗುವನ್ನು ನೋಡಲಾಗದೆ ಅವಳು ಮುಖ ತಿರುಗಿಸಿದಳು.

"ಮಾವ ಕಟ್ಟಿಟ್ಟ ಗಂಟಿಂದ ತೆಗೆದವರು ನೀವೇನಾ?"

"ಹೂಂ. ತಟ್ಟೇಲಿ ವಿಭೂತಿ, ಬಿಲ್ವಪತ್ರೆ ಜೊತೆ ಇಟ್ಟಿದ್ರು. ಎಲ್ರೂ ಅಳ್ತಾ ಇದ್ರು. ಬಿಚ್ಚಿ ತೆಗೆದು, ಅಂಗಳದಲ್ಲಿದ್ದ ಇಟ್ಟಿಗೆ ಚೂರು ಹಾಕಿ ಕಟ್ಟಿದೆ."

"ಯಾಕೆ?"

"ನನಗೆ ಅದು ಬೇಕಾಗಿತ್ತು. ಅಷ್ಟೇ."

ಆರು ವರ್ಷದ ಮಗು. ಆಟಿಕೆಯ ಆಸೆ. ಇದಕ್ಕೆ ಐವತ್ತು ವರ್ಷ ಹೀಗೆ ನಡುಗಬೇಕೇ? ಶೈಲಾಳಿಗೆ ಅಳು ಬಂತು, ಸಮಾಧಾನವೂ ಆಯಿತು. "ಇಷ್ಟೇ ತಾನೆ? ಹೋಗಿ ಮಾವನ ಕಾಲು ಹಿಡ್ಕೊಂಡು ಹೇಳ್ಬಿಡಿ. ಮಗುವಾಗಿದ್ದಾಗ ಮಾಡಿದ್ದು. ಬೈತಾರೆ, ಅಳ್ತಾರೆ, ಆಮೇಲೆ..."

"ಇಷ್ಟೇ ಅಲ್ಲ."

ಮುಂದಿನದನ್ನು ಅವನು ಕಚೇರಿಯ ಕಡತ ಓದುವವನಂತೆ ಒಂದೇ ಧ್ವನಿಯಲ್ಲಿ ಹೇಳಿದ. ಅವತ್ತು ಸಂಪು ತೊಳೆಸಿದ್ದರು, ಒಳಗೆ ಪಾದ ಮುಳುಗುವಷ್ಟೇ ನೀರು. ಅಪ್ಪ ಕೆಲಸಕ್ಕೆ, ಅಮ್ಮ ರೇಷನ್ ಅಂಗಡಿಗೆ. ಅಣ್ಣ ಕೆಂಪು ಬೋಗಿ ಕೊಡಲಿಲ್ಲವೆಂದು ಇವನು ಕಸಿದು, ಅಮ್ಮ ಮುಚ್ಚಿ ಹೋಗಿದ್ದ ಮುಚ್ಚಳ ತೆಗೆದು, ಸಂಪಿನೊಳಗೆ ಎಸೆದ. ವಿರೂಪಾಕ್ಷ ಬೈಯುತ್ತ ಕಬ್ಬಿಣದ ಮೆಟ್ಟಿಲು ಹಿಡಿದು ಇಳಿದ. ಬೋಗಿಯನ್ನು ಮೊದಲು ಮೇಲಕ್ಕೆ ಚಾಚಿ, "ಹಿಡ್ಕೋ ಕಣೋ, ಬರ್ತೀನಿ" ಎಂದ.

"ಹಿಡ್ಕೊಂಡೆ. ಮುಚ್ಚಳ ಹಾಕ್ದೆ. ಚಿಲಕಾನೂ ಹಾಕ್ದೆ. ಹೆದರಿಸೋಕೆ. ಒಳಗಿಂದ ತಟ್ತಾ ಇದ್ದ. ನಾನು ನಗ್ತಾ ಇದ್ದೆ. ಆಮೇಲೆ ಬೀದೀಲಿ ಐಸ್ ಕ್ಯಾಂಡಿ ಗಾಡಿ ಗಂಟೆ ಕೇಳಿಸ್ತು..."

"ಬೇಡ... ಹೇಳ್ಬೇಡಿ!"

"ಹೋದೆ. ಹುಡುಗರ ಜೊತೆ ಆಡ್ತಾ ಕೂತೆ. ಮರೆತೇ ಹೋಯ್ತು ಶೈಲಾ! ನಾಲ್ಕು ಗಂಟೆಗೆ ನಲ್ಲಿ ನೀರು ಬಿಟ್ರು. ಸಂಪು ತುಂಬ್ತು."

ಸ್ಕೂಟರ್ ಸ್ಟಾರ್ಟ್ ಆಗಿ ಹೊರಟುಹೋಯಿತು. ಶೈಲಾ ತಂತಿಯ ಮೇಲಿನ ಸೀರೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ತನ್ನ ಮಗಳನ್ನು ಎತ್ತಿ ಆಡಿಸಿದ ಕೈಗಳು, ತನ್ನ ತಲೆ ಸವರಿದ ಕೈಗಳು, ಚಿಲಕ ಹಾಕಿದ ಕೈಗಳು, ಮೂರೂ ಒಂದೇ ಎಂಬುದನ್ನು ಅವಳ ಮನಸ್ಸು ಒಪ್ಪಲೇ ಇಲ್ಲ. ಆದರೆ ಮರುಕ್ಷಣವೇ ಇನ್ನೊಂದು ಮುಖ ನೆನಪಾಯಿತು. ದಿನವೂ ದೀಪದ ಮುಂದೆ ತಲೆ ತಗ್ಗಿಸಿ ನಿಲ್ಲುವ ಮುಖ.

"ಅತ್ತೆ ಮುಚ್ಚಳ ಮುಚ್ಚೇ ಹೋಗಿದ್ರು ಹಾಗಾದ್ರೆ. ನಿಮ್ಮಪ್ಪ ದಿನಾ ಅವರನ್ನ ಆ ಮಾತು ಕೇಳೋವಾಗ ನೀವು ಪಕ್ಕದಲ್ಲೇ ಕೂತು ಪೇಪರ್ ಓದ್ತಿರ್ತೀರಲ್ಲ... ಹೇಗೆ? ಹೇಗೆ ಸಾಧ್ಯ ಆಯ್ತು ನಿಮ್ಗೆ?"

"ಅಮ್ಮನಿಗೆ ತಾನು ಮರೆತೆ ಅಂತಲೇ ಇದೆ. ಅವಳು ನೋಡ್ದಾಗ ಮುಚ್ಚಳ ತೆಗೆದಿತ್ತಂತೆ, ಯಾರು ತೆಗೆದಿದ್ರೋ. ಅವಳಿಗೆ ಗೊತ್ತಿಲ್ಲ."

"ಅದಕ್ಕೇ ಕೇಳ್ತಿದೀನಿ!"

"ಹೇಳ್ತೀನಿ. ನಾಳೆ ಹೇಳ್ತೀನಿ" ಎಂದಷ್ಟೇ ಅಂದ.

ಮಂಗಳವಾರ ಬೆಳಿಗ್ಗೆ ಬಸವಲಿಂಗ ಮಾವ ತಾವೇ ಫೋನ್ ಮಾಡಿದರು. ಇಂಚರಾ ಆಗಲೇ ಕಾಲೇಜಿಗೆ ಹೊರಟುಹೋಗಿದ್ದಳು. ಕಿವಿ ಮಂದವಾದ್ದರಿಂದ ಶಿವಬಸಪ್ಪನವರು ಸ್ಪೀಕರ್ ಹಾಕಿಸಿಕೊಂಡರು. ನಡುಮನೆಯಲ್ಲಿ ಮೋಹನ್, ಶೈಲಾ ನಿಂತಿದ್ದರು, ಹೊನ್ನಮ್ಮ ಅಡುಗೆಮನೆಯ ಬಾಗಿಲಲ್ಲಿದ್ದರು.

"ಏನ್ ಭಾವ, ನಿನ್ನೆ ಏಳು ಸಲ ಮಾಡಿದೀರಿ? ಫೋನು ಮೊಮ್ಮಗನ ಹತ್ರ ಇತ್ತು. ಅಕ್ಕ ಹುಷಾರಾಗಿದಾಳಾ?"

"ನಿನ್ನಕ್ಕನ ಸುದ್ದಿ ಆಮೇಲೆ. ನನ್ನ ಮಗನನ್ನ ಮಣ್ಣು ಮಾಡಿದ ದಿನ ಅವನ ಮಡಿಲಿಂದ ಏನು ತೆಗೆದೆ ಹೇಳೋ!"

"ಏನು?... ಏನಂದ್ರಿ?"

"ಕೆಂಪು ಬೋಗಿ! ನನ್ನ ಕೈಲಿದೆ ಈಗ. ನನ್ನ ನಂಬರ್ ಇದೆ ಅದರ ಮೇಲೆ. ಹೆಣದಿಂದ ಕದ್ದೋನೇ!"

ಆ ಕಡೆಯಿಂದ ಎಪ್ಪತ್ತೈದರ ಮುದುಕನ ಒಡೆದ ಧ್ವನಿ. "ಭಾವ, ನಾನು ಹೋಗೋ ಕಾಲದಲ್ಲಿ ಇಂಥ ಮಾತು ಹೇಳ್ತೀರಲ್ಲ... ಲಿಂಗದ ಮೇಲೆ ಆಣೆ, ಆ ಗಂಟು ನಾನು ಬಿಚ್ಚಲಿಲ್ಲ. ಮಡಿಲಲ್ಲಿಟ್ಟೆ, ಮೇಲೆ ಬಂದೆ. ಆಟದ ಸಾಮಾನು ಇಷ್ಟು ಭಾರ ಇರುತ್ತಾ ಅಂತ ಅವತ್ತು ಅನ್ನಿಸಿತ್ತು. ಇಟ್ಟಿಗೆ ಹಾಗಿತ್ತು. ಆ ದುಃಖದಲ್ಲಿ ಯಾರನ್ನ ಕೇಳ್ಲಿ?"

ಶಿವಬಸಪ್ಪನವರು ಫೋನನ್ನು ಮೆಲ್ಲಗೆ ಕೆಳಗಿಟ್ಟರು. ಟೂಲ್ ರೂಮಿನ ಮನುಷ್ಯ. ಸಾವಿರದಲ್ಲೊಂದು ಪಾಲು ವ್ಯತ್ಯಾಸವನ್ನೂ ಬಿಡದೆ ಹುಡುಕಿ ಬದುಕಿದವರು. ಅವರ ತಲೆಯಲ್ಲಿ ಲೆಕ್ಕ ಓಡುತ್ತಿರುವುದು ಶೈಲಾಳಿಗೆ ಕಾಣುತ್ತಿತ್ತು.

"ಗುಂಡೀಲಲ್ಲ. ಹಾಗಾದ್ರೆ ಮನೆಯಲ್ಲೇ. ಗಂಟು ಕಟ್ಟಿದ ಮೇಲೆ, ಎತ್ತೋಕೆ ಮುಂಚೆ." ಅವರು ನಿಧಾನವಾಗಿ ಕತ್ತು ತಿರುಗಿಸಿದರು. ಮಸುಕು ಕಣ್ಣುಗಳು ಒಬ್ಬೊಬ್ಬರ ಮೇಲೂ ಹರಿದು, ಮಗನ ಮೇಲೆ ಬಂದು ನಿಂತವು. "ಮೋಹನ. ನೀನು ಆ ಹೊತ್ತಲ್ಲಿ ತಟ್ಟೆ ಹತ್ರಾನೇ ಕೂತಿದ್ದೆ ಅಲ್ವೇನೋ?"

ಮೋಹನನ ತುಟಿಗಳು ಅಲುಗಿದವು. "ಅಪ್ಪಾ... ನಾನು..."

"ನಾನು ತೆಗೆದಿದ್ದು!"

ಹೊನ್ನಮ್ಮ. ಆ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒದ್ದೆ ಕೈಯಲ್ಲೇ ಬಂದು ಗಂಡನಿಗೂ ಮಗನಿಗೂ ನಡುವೆ ನಿಂತರು.

"ಅಮ್ಮಾ..."

"ನೀನು ಸುಮ್ನಿರೋ. ಆರು ವರ್ಷದ ಕೂಸು ನೀನಾಗ, ನಿನಗೇನು ಗೊತ್ತು!" ಎಂದು ಮಗನ ಕಡೆ ತಿರುಗದೆಯೇ ಗದರಿ, ಗಂಡನಿಗೆ ಹೇಳಿದರು. "ನಾನೇ ಬಿಚ್ಚಿ ತೆಗೆದೆ ರೀ. ನನ್ನ ಮಗ ಮುಟ್ಟಿದ್ದು, ಆಡಿದ್ದು ಒಂದಾದ್ರೂ ನನ್ನ ಹತ್ರ ಇರ್ಲಿ ಅಂತ ಆಸೆ ಆಯ್ತು. ಇಟ್ಟಿಗೆ ಚೂರು ಇಟ್ಟು ಕಟ್ಟಿದೆ. ಅಟ್ಟದ ಮೇಲೆ ಟ್ರಂಕಲ್ಲಿ ಇಟ್ಟಿದ್ದೆ. ಮೊನ್ನೆ ಅಟ್ಟ ಖಾಲಿ ಮಾಡುವಾಗ ಹೇಳೋಕೆ ಆಗ್ಲಿಲ್ಲ, ಗುಜರಿಗೆ ಹೋಯ್ತು. ಗೋರಿ ಅಗೆಸ್ಬೇಡಿ. ಕೈ ಮುಗೀತೀನಿ, ನನ್ನ ಕೂಸನ್ನ ಎಬ್ಬಿಸ್ಬೇಡಿ!"

ಶೈಲಾ ಗಂಡನನ್ನು ನೋಡಿದಳು. ಈಗ ಹೇಳು. ಈಗಲಾದರೂ ಹೇಳು. ಅವನು ನೆಲ ನೋಡುತ್ತ ನಿಂತಿದ್ದ.

ಶಿವಬಸಪ್ಪನವರು ಕೋಲೂರಿ ಎದ್ದು ನಿಂತರು. ಕೂಗಾಡುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದಳು ಶೈಲಾ. ಅವರ ಮಾತು ಪಿಸುಗುಟ್ಟುವಷ್ಟು ಮೆಲ್ಲಗಿತ್ತು.

"ಮುಚ್ಚಳ ಮುಚ್ಚದೆ ನನ್ನ ಮಗನನ್ನ ತಿಂದೆ. ಅವನ ಕೈಲಿದ್ದದ್ದನ್ನೂ ಕಿತ್ಕೊಂಡ್ಯಾ! ಅವನು ಇಟ್ಟಿಗೆ ಇಟ್ಕೊಂಡು ಕೂತಿದಾನೆ ಅಲ್ಲಿ... ಐವತ್ತು ವರ್ಷದಿಂದ... ಕೇಳಿಸ್ಕೋ. ಇವತ್ತಿಂದ ನಿನ್ನ ಕೈಯ ಅನ್ನ ನಾನು ಮುಟ್ಟಲ್ಲ. ನಾಳೆ ನಾನು ಸತ್ರೆ ನನ್ನ ಮಣ್ಣಿಗೆ ನೀನು ಬರಬಾರದು. ಒಂದು ಹಿಡಿ ಮಣ್ಣು ಹಾಕಬಾರದು. ಮೋಹನ, ಕೇಳಿಸ್ತೇನೋ? ಬಿಡಬಾರದು ಇವಳನ್ನ."

"ಹೂಂ" ಎಂದ ಮೋಹನ್.

ಆ 'ಹೂಂ' ಶೈಲಾಳ ಎದೆಯೊಳಗೆ ಏನನ್ನೋ ಶಾಶ್ವತವಾಗಿ ಮುರಿಯಿತು. ಅವಳು ಒಂದು ಹೆಜ್ಜೆ ಮುಂದಿಟ್ಟಳು, ಬಾಯಿ ತೆರೆದಳು. ಹೊನ್ನಮ್ಮನ ಒದ್ದೆ ಕೈ ಅವಳ ಮಣಿಕಟ್ಟನ್ನು ಹಿಡಿಯಿತು. ಎಪ್ಪತ್ತೆಂಟರ ಕೈಯಲ್ಲಿ ಅಷ್ಟು ಬಲವಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಹಾಗೆಯೇ ಎಳೆದುಕೊಂಡು ಅಡುಗೆಮನೆಗೆ ನಡೆದರು.

ಅಲ್ಲಿ, ಒಲೆಯ ಮೇಲೆ ಉಕ್ಕುತ್ತಿದ್ದ ಅನ್ನದ ಉರಿ ತಗ್ಗಿಸಿ, ಏನೂ ಆಗದವರಂತೆ ಹುರುಳಿಕಾಯಿ ಮುರಿಯಲು ಕುಳಿತರು.

"ಅತ್ತೆ, ನೀವು ತೆಗೆದಿದ್ದಲ್ಲ. ನನಗೆ ಗೊತ್ತು. ಅವರು ನನಗೆ ಎಲ್ಲ ಹೇಳಿದಾರೆ. ಮುಚ್ಚಳದ ವಿಷ್ಯಾನೂ. ನಿಮ್ಮದು ಏನೂ ತಪ್ಪಿಲ್ಲ ಅತ್ತೆ! ಐವತ್ತು ವರ್ಷ ನೀವು..."

"ಗೊತ್ತು."

"ಏನು ಗೊತ್ತು?"

"ಚಿಲಕ ಹಾಕಿತ್ತು ಕಣೇ." ಕಾಯಿ ಮುರಿಯುವ ಕೈ ನಿಲ್ಲಲಿಲ್ಲ. "ವಿರೂಪನ್ನ ಬೀದಿಯೆಲ್ಲ ಹುಡುಕಿ, ಕೊನೆಗೆ ನೀರಿಗೆ ಅಂತ ಸಂಪಿನ ಹತ್ರ ಬಂದೆ. ಚಿಲಕ ಹಾಕಿತ್ತು. ನಾನೇ ತೆಗೆದೆ. ಒಳಗಿಂದ ಚಿಲಕ ಹಾಕ್ಕೊಳೋಕೆ ಆಗುತ್ತಾ? ನೋಡ್ದೆ. ತಿರುಗಿದ್ರೆ ಬಾಗ್ಲಲ್ಲಿ ಇವನು ನಿಂತಿದಾನೆ, ಬಾಯೆಲ್ಲ ಐಸ್ ಕ್ಯಾಂಡಿ ಕೆಂಪು. ಮೂರು ರಾತ್ರಿ ಜ್ವರದಲ್ಲಿ 'ತೆಗೀತೀನಿ ಕಣೋ, ತೆಗೀತೀನಿ' ಅಂತ ಕನವರಿಸ್ತು ಕೂಸು. ನಾಲ್ಕನೇ ದಿನ ಹಾಸಿಗೆ ಕೊಡವಿದ್ರೆ ಆ ಬೋಗಿ ಬಿತ್ತು. ಉಳಿದೆರಡರ ಜೊತೆ ಟ್ರಂಕಲ್ಲಿ ಮುಚ್ಚಿಟ್ಟೆ." ಅವರು ತಲೆ ಎತ್ತಿದರು. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. "ಇವರ ಸಿಟ್ಟು ಆಗ ಹೇಗಿತ್ತು ಅಂತ ನಿನಗೆ ಗೊತ್ತಿಲ್ಲ. ಚಿಲಕದ ಮಾತು ಬಾಯಿಗೆ ಬಂದಿದ್ರೆ ಇನ್ನೊಂದು ಕೂಸೂ ಉಳೀತಿರಲಿಲ್ಲ. ಮುಚ್ಚಳ ತೆಗೆದೇ ಇತ್ತು, ನಾನೇ ಮರೆತೆ ಅಂದೆ. ಒಂದು ಸಲ ಅಂದ ಮೇಲೆ ಮುಗೀತು, ದಿನಾ ಅನ್ನೋದೇನು ಕಷ್ಟ?"

"ನಿಮ್ಮ ಮಗನಿಗೆ... ನಿಮಗೆ ಗೊತ್ತು ಅಂತ ಅವರಿಗೆ ಗೊತ್ತಿಲ್ವಾ?"

"ಗೊತ್ತಾಗಬಾರದು." ಹೊನ್ನಮ್ಮ ಮುರಿಯುತ್ತಿದ್ದ ಕಾಯಿಯನ್ನು ಕೆಳಗಿಟ್ಟರು. "ಬೋಗಿದು ಗೊತ್ತು ಅಂದ್ಕೊಳ್ಳಲಿ, ಚಿಲಕದ್ದು ಅಮ್ಮನಿಗೆ ಗೊತ್ತಿಲ್ಲ ಅನ್ನೋ ಧೈರ್ಯದ ಮೇಲೆ ಬದುಕಿದಾನೆ ಅವನು. ಅದೂ ಹೋದ್ರೆ ಉರುಳು ಹಾಕ್ಕೋತಾನೆ ಕಣೇ, ನಾನು ಹೆತ್ತವಳು, ನನಗೆ ಗೊತ್ತು. ಇನ್ನು ಇವರು... ಎಂಬತ್ನಾಲ್ಕು. ತಪ್ಪಿಲ್ಲದವಳನ್ನ ಐವತ್ತು ವರ್ಷ ಸುಟ್ಟೆ ಅಂತ ಗೊತ್ತಾದ್ರೆ ಎಷ್ಟು ದಿನ ಇರ್ತಾರೆ? ಒಬ್ಬನನ್ನ ಮಣ್ಣಿಗೆ ಕೊಟ್ಟಿದೀನಿ. ಉಳಿದಿಬ್ರನ್ನೂ ನನ್ನ ಬಾಯಾರೆ ಕೊಲ್ಲಿಸ್ತೀಯಾ? ಹೇಳಮ್ಮ, ಓದಿದವಳು ನೀನು!"

ಶೈಲಾ ಅತ್ತೆಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಸದ್ದು ಹೊರಗೆ ಹೋಗದಂತೆ, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಹೊನ್ನಮ್ಮ ಅವಳ ಬೆನ್ನು ಸವರುತ್ತ, "ಸಾಂಬಾರಿಗೆ ಹುಣಸೆಹಣ್ಣು ನೆನೆಹಾಕೋದು ಮರೆತೆ ನೋಡು" ಎಂದರು.

ಮಧ್ಯಾಹ್ನವಾದರೂ ಶಿವಬಸಪ್ಪನವರು ಊಟಕ್ಕೆ ಏಳಲಿಲ್ಲ. ಸಂಜೆಯಾಯಿತು. ಸಕ್ಕರೆ ಕಾಯಿಲೆಯ ದೇಹ, ಕೈ ನಡುಗತೊಡಗಿತ್ತು. ಮೋಹನ್ ಬೆಳಿಗ್ಗೆಯೇ ಕಚೇರಿಗೆಂದು ಹೋದವನು ಬಂದಿರಲಿಲ್ಲ. ಅವನು ಬರುತ್ತಾನೆಂಬ ಭಯ, ಬರದಿದ್ದರೆಂಬ ಭಯ, ಎರಡನ್ನೂ ಹೊತ್ತು ಶೈಲಾ ಗೇಟಿಗೂ ಅಡುಗೆಮನೆಗೂ ಓಡಾಡಿದಳು. ಕಾಲೇಜಿನಿಂದ ಬಂದ ಇಂಚರಾ ಅವಳ ಮುಖ ನೋಡಿ, "ಏನಾಯ್ತಮ್ಮ? ತಾತ ಯಾಕೆ ಹಾಗೆ ಕೂತಿದಾರೆ?" ಎಂದಳು. ಹೇಳಬೇಕೆನ್ನಿಸಿತು. ಮಗಳಿಗಾದರೂ. ಒಬ್ಬಳೇ ಹೊರಲಾರದಷ್ಟು ಭಾರ... ಆದರೆ ಈ ಹುಡುಗಿ ಅಪ್ಪ ಬಂದೊಡನೆ ಹೆಗಲಿಗೆ ಜೋತು ಬೀಳುವವಳು.

"ಏನಿಲ್ಲ ಪುಟ್ಟ. ಹಳೇದೆಲ್ಲ ನೆನಪಾಗಿದೆ ಅವರಿಗೆ. ಹೋಗಿ ಮುಖ ತೊಳ್ಕೋ."

ಹೊನ್ನಮ್ಮ ತಟ್ಟೆಯಲ್ಲಿ ಬಿಸಿ ಮುದ್ದೆ, ಹುರುಳಿಕಾಯಿ ಸಾಂಬಾರು ಬಡಿಸಿ, ಮಾತಿಲ್ಲದೆ ಸೊಸೆಯ ಕೈಗಿತ್ತು, ಬಾಗಿಲ ಮರೆಗೆ ಸರಿದರು. ಶೈಲಾ ತಂದು ಮಾವನ ಮುಂದಿಟ್ಟಳು.

ಅವರು ತಟ್ಟೆ ನೋಡಲಿಲ್ಲ, ಅವಳನ್ನು ನೋಡಿದರು. "ಶೈಲಾ. ನೀನು ಯಾವತ್ತೂ ಅಳೆದು ತೂಗಿ ಮಾತಾಡೋಳು. ಅದಕ್ಕೇ ಕೇಳ್ತೀನಿ. ನಿಮ್ಮತ್ತೆ ಬೆಳಿಗ್ಗೆ ಹೇಳಿದ್ದು ನಿಜಾನಾ? ಯಾಕೋ... ಎಲ್ಲೋ ಒಂದು ಕಡೆ ಸರಿಯಾಗಿ ಕೂರ್ತಾ ಇಲ್ಲ ಕಣಮ್ಮ. ನಿನಗೇನಾದ್ರೂ ಗೊತ್ತಾ?"

ಒಂದು ಮಾತು. ಒಂದೇ ಒಂದು ಮಾತು ಸಾಕು, ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತ ಹೆಂಗಸಿನ ಐವತ್ತು ವರ್ಷದ ಕಳಂಕ ತೊಳೆದುಹೋಗಲು. ಅದೇ ಮಾತು ಸಾಕು, ಈ ಮನೆಯಲ್ಲಿ ಯಾರೂ ಉಳಿಯದಿರಲು. ನ್ಯಾಯ ಎಂಬ ಶಬ್ದವನ್ನು ಎಷ್ಟು ಪುಸ್ತಕಗಳಲ್ಲಿ ಓದಿದ್ದಳು ಅವಳು! ಹಸಿದ ಮುದುಕನೊಬ್ಬನ ನಡುಗುವ ಕೈಯ ಮುಂದೆ ಅದನ್ನು ಹೇಗೆ ಇಡುವುದೆಂದು ಯಾವ ಪುಸ್ತಕವೂ ಹೇಳಿರಲಿಲ್ಲ.

"ಅತ್ತೆ ಹೇಳಿದ್ದು ನಿಜ ಮಾವ. ನನಗೆ ಬೇರೇನೂ ಗೊತ್ತಿಲ್ಲ."

ಅವರು ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಅನುಮಾನದಿಂದ ಕೇಳಿದರು. "ಯಾರು ಮಾಡಿದ್ದು ಇದನ್ನ?"

ಇನ್ನು ಮುಂದೆ ದಿನಕ್ಕೆ ಎರಡು ಹೊತ್ತು, ಈ ಮನುಷ್ಯ ಬದುಕಿರುವಷ್ಟು ದಿನ, ಈ ಪ್ರಶ್ನೆಗೆ ತಾನು ಉತ್ತರ ಹೇಳಬೇಕೆಂದು ಶೈಲಾಳಿಗೆ ಅರ್ಥವಾಯಿತು. ಹೊರಗೆ ಗೇಟು ತೆರೆದ ಸದ್ದಾಯಿತು. ಮೋಹನ್ ಚಪ್ಪಲಿ ಬಿಡುತ್ತಿದ್ದ. ಅವನಿಗೂ ಹೇಳುವಂತಿಲ್ಲ, ಮಗಳಿಗೂ ಇಲ್ಲ, ತನ್ನ ತವರಿಗೂ ಇಲ್ಲ. ಸಾಯುವವರೆಗೆ ಯಾರಿಗೂ ಇಲ್ಲ.

"ನಾನೇ ಮಾವ," ಎಂದಳು. "ಆರಿಹೋಗುತ್ತೆ, ಊಟ ಮಾಡಿ."